ಕಾರವಾರದ ಕಡಲು ಮತ್ತು ಒಂದು ಪ್ರಶ್ನೆ

ಸಮುದ್ರವನ್ನು ಕಣ್ಣಾರೆ ಕಾಣದೆಯೇ ಸಮುದ್ರದ ಪಾಠ ಹೇಳಿದ ಉಪಾಧ್ಯಾಯರು ನಾಡಿನಲ್ಲಿ ಎಷ್ಟು ಮಂದಿಯಿರುವರೋ ತಿಳಿಯದು. ಆ ಪಂಕ್ತಿಯಲ್ಲಿ ನಾವು ನಾಲ್ವರಂತೂ ಬಹುಕಾಲ ಕುಳಿತಿದ್ದೆವು. ನಮ್ಮೂರು ದೌಲತಾಬಾದು. ಹೆಸರು ಕೇಳಿದೊಡನೆ ಪರಸ್ಥಳದವರು ಮಹಮ್ಮದ್ ಬಿನ್ ತುಘಲಕನನ್ನೂ ಅವನ ಕೋಟೆಯನ್ನೂ ನೆನೆಯುತ್ತಾರೆ. ಆ ಭಾಗ್ಯ ನಮ್ಮದಲ್ಲ. ಅದು ಹಿಂದೆ ದೇವಗಿರಿಯೆನಿಸಿದ್ದ ಮಹಾರಾಷ್ಟ್ರದ ದೌಲತಾಬಾದು. ನಮ್ಮದು ತಾಂಡೂರು, ಕೊಡಂಗಲ್ಲುಗಳ ನೆರೆಯದು. ಇಲ್ಲಿ ಕೋಟೆಯಿಲ್ಲ, ತೊಗರಿಯ ಹೊಲಗಳುಂಟು. ತೇರಿಲ್ಲದ ದಿನಗಳಲ್ಲಿ ಸದ್ದೂ ಇಲ್ಲ.

ಎಂಟನೆಯ ತರಗತಿಗೆ ಉಬ್ಬರವಿಳಿತದ ಪಾಠ ನಡೆದಿತ್ತು. ಚಂದ್ರನ ಆಕರ್ಷಣೆಯಿಂದ ಕಡಲ ನೀರು ಏರುವುದು, ಇಳಿಯುವುದು, ದಿನಕ್ಕೆ ಎರಡು ಬಾರಿ ಹೀಗಾಗುವುದು ಎಂದು ಹಲಗೆಯ ಮೇಲೆ ಭೂಮಿಯನ್ನೂ ಚಂದ್ರನನ್ನೂ ಬರೆದು ತೋರಿಸಿದ್ದಾಯಿತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಇಳಿದ ನೀರು ಎಲ್ಲಿಗಿ ಹೋಗ್ತದರಿ?" ಎಂದಳು. ಪುಸ್ತಕದಲ್ಲಿದ್ದುದನ್ನೇ ಮತ್ತೊಮ್ಮೆ ಹೇಳಿದೆವು. ಅವಳಿಗೆ ತೃಪ್ತಿಯಾಗಲಿಲ್ಲ. "ನೀವು ನೋಡೀರೇನ್ರಿ?" ಎಂದು ಕೇಳಿದಳು. ಉದ್ಧಟತನದಿಂದಲ್ಲ, ನೋಡಿದವರಾದರೆ ಬಲ್ಲರು ಎಂಬ ನಂಬಿಕೆಯಿಂದ. ತರಗತಿ ಒಮ್ಮೆಲೇ ನಿಶ್ಶಬ್ದವಾಯಿತು. "ಇಲ್ಲವ್ವಾ" ಎಂದೆವು. ಆ ಹೊತ್ತಿಗೆ ಗಂಟೆ ಹೊಡೆದುದು ದೇವರ ದಯೆ.

ಆ ಸಂಜೆ ಉಪಾಧ್ಯಾಯರ ಕೋಣೆಯಲ್ಲಿ ಈ ಮಾತು ಬಂದಾಗ ತಿಳಿದುದೇನೆಂದರೆ, ನಮ್ಮ ನಾಲ್ವರಲ್ಲಿ ಒಬ್ಬರೂ ಕಡಲನ್ನು ಕಂಡವರಲ್ಲ. ಗಣಿತದ ಮಾಸ್ತರರು ನಾಗಾರ್ಜುನಸಾಗರವನ್ನು ನೋಡಿದ್ದರು. ಅದನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ವಾದಿಸಿದರು, ಯಾರೂ ಒಪ್ಪಲಿಲ್ಲ. ಬೇಸಗೆಯ ರಜೆಯಲ್ಲಿ ಹೋಗಿ ನೋಡಿ ಬರುವುದೆಂದು ಅಲ್ಲಿಯೇ ನಿಶ್ಚಯವಾಯಿತು. ಹಣಕ್ಕೆ ಚೀಟಿ ಎತ್ತಿದೆವು.

ಎಲ್ಲಿಗೆ ಹೋಗುವುದು ಎಂಬುದರಲ್ಲಿ ಮಾತ್ರ ಹದಿನೈದು ದಿನ ಕಳೆದುವು. ನಕ್ಷೆಯಲ್ಲಿ ಹತ್ತಿರವಾದುದು ಪೂರ್ವದ ಕಡಲು. ಪುದುಚೇರಿಯ ಫ್ರೆಂಚರ ಬೀದಿಗಳು ಬಹಳ ಚೆಲುವೆಂದು ಒಬ್ಬರು ಹೇಳಿದರು. ಗೋವೆಯ ಹೆಸರನ್ನು ಇನ್ನೊಬ್ಬರು ಮೆಲ್ಲಗೆ ಎತ್ತಿ ತಾವೇ ಕೈಬಿಟ್ಟರು. ಕೊನೆಗೆ ನಮ್ಮ ಅಕ್ಕನವರು, "ಕಡಲಿನ ಸಂಗತಿಯನ್ನು ಕನ್ನಡದಲ್ಲಿ ಕೇಳಿ ತಿಳಿಯಬಹುದಾದ ಊರಿಗೆ ಹೋಗೋಣ, ಮಕ್ಕಳಿಗೆ ಹೇಳಬೇಕಾದುದು ಕನ್ನಡದಲ್ಲಿ ತಾನೆ?" ಎಂದರು. ಹೀಗೆ ಕಾರವಾರ ನಿಶ್ಚಯವಾಯಿತು.

ಬುದ್ಧಪೂರ್ಣಿಮೆಗೆ ಎರಡು ದಿನ ಮುಂಚೆ ತಾಂಡೂರಿಗೆ ಬಂದು ರೈಲು ಹತ್ತಿದೆವು. ಸಿಕಂದರಾಬಾದಿನಿಂದ ವಾಡಿಯವರೆಗಿನ ಈ ಹಾದಿ ನಿಜಾಮರ ಕಾಲದ್ದು, 1874ರಲ್ಲಿ ತೆರೆದುದು. ಕಲಬುರಗಿಯಲ್ಲಿಳಿದು ಇರುಳಿನ ಬಸ್ಸಿನಲ್ಲಿ ಹುಬ್ಬಳ್ಳಿಗೆ, ಅಲ್ಲಿಂದ ಯಲ್ಲಾಪುರದ ಮೇಲೆ ಕೆಳಗಿಳಿಯುವ ದಾರಿ. ಅಕ್ಕನವರು ಕಟ್ಟಿ ತಂದಿದ್ದ ಜೋಳದ ರೊಟ್ಟಿ ಮತ್ತು ಶೇಂಗಾ ಹಿಂಡಿ ಯಲ್ಲಾಪುರದವರೆಗೆ ಸಾಕಾದುವು. ಅರಬೈಲ್ ಘಟ್ಟದಲ್ಲಿ ಬಸ್ಸು ತಿರುವಿ ತಿರುವಿ ಇಳಿಯುವಾಗ, ಹಿಂದಿನ ದಿನವಷ್ಟೇ ಸುಟ್ಟ ಹೆಂಚಿನಂತಿದ್ದ ನಮ್ಮ ನೆಲವನ್ನು ಬಿಟ್ಟು ಬಂದ ಕಣ್ಣುಗಳಿಗೆ ಅಷ್ಟೊಂದು ಹಸುರು ಒಂದು ಬಗೆಯ ದಣಿವನ್ನೇ ಉಂಟುಮಾಡಿತೆನ್ನಬೇಕು. ಅಂಕೋಲೆಯಲ್ಲಿ ಬಸ್ಸು ನಿಂತಾಗ, ಇದು 1930ರ ಉಪ್ಪಿನ ಸತ್ಯಾಗ್ರಹದ ಊರು, ಚುಟುಕದ ಕವಿ ದಿನಕರ ದೇಸಾಯಿಯವರ ಸೀಮೆ ಎಂದು ಒಬ್ಬರಿಗೊಬ್ಬರು ನೆನಪಿಸಿಕೊಂಡೆವು. ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟನ್ನು ಸ್ಥಾಪಿಸಿ ಈ ಜಿಲ್ಲೆಯ ಹಳ್ಳಿಹಳ್ಳಿಗಳಿಗೆ ಶಾಲೆಗಳನ್ನು ತಂದವರು. ಮಾಸ್ತರರಾದವರು ಆ ಊರನ್ನು ದಾಟುವಾಗ ಕೈ ಮುಗಿಯುವುದು ಉಚಿತವೆಂದು ನಮಗೆ ತೋರಿತು.

ಅಂಕೋಲೆಯಿಂದ ಮುಂದೆ ಎಡಗಡೆಯ ಕಿಟಕಿಗಳಿಗೆ ನಾವು ನಾಲ್ವರೂ ಕಣ್ಣು ಕೀಲಿಸಿದ್ದೆವು. ಆದರೆ ಕಡಲು ಸುಲಭವಾಗಿ ಕಾಣಿಸದು. ಅಲ್ಲಿಯ ದಂಡೆಯ ಬಹುಭಾಗ ನೌಕಾನೆಲೆಗೆ ಸೇರಿದೆ. ಉದ್ದಕ್ಕೂ ಗೋಡೆ ಬೇಲಿಗಳು. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ಯೋಜನೆಗಾಗಿ ಅರ್ಗ ಮೊದಲಾದ ಊರುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದಂಡೆಗಳನ್ನು ಬಿಟ್ಟುಕೊಟ್ಟವು. ಬೇಲಿಯಾಚೆಯ ಕಡಲನ್ನು ನೋಡಲು ಬಂದ ನಮಗೆ ಅರ್ಧ ಗಂಟೆಯ ಅಡ್ಡಿ; ಬೇಲಿಯೀಚೆಗೆ ಬಂದವರಿಗೆ ಒಂದು ಬಾಳಿನ ಅಡ್ಡಿ. ಇಷ್ಟಾಗುವಷ್ಟರಲ್ಲಿ ಬಸ್ಸು ಸುರಂಗವನ್ನು ಹೊಕ್ಕಿತು. ಕತ್ತಲೆ, ದೀಪ, ಮತ್ತೆ ಕತ್ತಲೆ. ಹೊರಬಿದ್ದೊಡನೆ ಎಡಕ್ಕೆ ಕಡಲು!

ನಾಲ್ವರಲ್ಲಿ ಯಾರೂ ಮಾತಾಡಲಿಲ್ಲ. ಗಣಿತದ ಮಾಸ್ತರರು ಮಾತ್ರ ಬಹಳ ಹೊತ್ತಿನ ಮೇಲೆ, "ಇದು ಮ್ಯಾಲಕ್ಕ ಅದ" ಎಂದರು. ನಗೆ ಬಂತಾದರೂ ಮಾತು ಸುಳ್ಳಲ್ಲ. ಕಡಲು ನಮ್ಮ ಕಾಲ ಕೆಳಗೆ ತಗ್ಗಿನಲ್ಲಿರುವುದೆಂದು ನಾವು ಎಣಿಸಿದ್ದೆವು. ಅದು ಕಣ್ಣಿನ ಮಟ್ಟಕ್ಕೆ ಎದ್ದು ನಿಂತ ನೀಲಿಯ ಗೋಡೆಯಂತಿತ್ತು. ಈ ಮಾತು ಯಾವ ಪಾಠದಲ್ಲಿಯೂ ಇಲ್ಲ.

ಕಾರವಾರ ಇಂದು ಸಿರಿವಂತರ ವಿಹಾರದ ಊರು. ಗೋವೆಗೆ ಹೋಗುವವರೂ ಬರುವವರೂ ಇಲ್ಲಿ ತಂಗುತ್ತಾರೆ. ಕಾಳಿಯ ಆಚೆ ದೇವಬಾಗದ ಗಾಳಿಮರಗಳ ತೋಪಿನಲ್ಲಿ ವಿಹಾರಧಾಮಗಳಿವೆ. ಕಡಲಿಗೆ ಮುಖಮಾಡಿದ ಕೋಣೆಗೆ ಒಂದು ದರ, ಬೆನ್ನುಮಾಡಿದುದಕ್ಕೆ ಅದರ ಅರ್ಧ. ನಾವು ಬೆನ್ನುಮಾಡಿದ ಕೋಣೆಗಳನ್ನೇ ಹಿಡಿದೆವು. ಕಡಲನ್ನು ನೋಡುವುದಕ್ಕೆ ಕೋಣೆಯೇಕೆ ಬೇಕು? ಹೆಸರು ಬರೆಸುವಾಗ ಅಲ್ಲಿಯ ಗುಮಾಸ್ತ ಯುವಕನು ನಮ್ಮ ವಿಳಾಸವನ್ನು ಓದಿ, "ತೆಲಂಗಾಣದವರಾ? ಕನ್ನಡ ಚೆನ್ನಾಗಿ ಕಲಿತಿದ್ದೀರಿ" ಎಂದು ಮೆಚ್ಚಿ ನುಡಿದನು. ಅವನಿಗೆ ಅದು ಸೌಜನ್ಯದ ಮಾತು. ಅಕ್ಕನವರ ಮುಖ ಕೆಂಪೇರಿತು. "ಕಲತದ್ದಲ್ಲಪ್ಪಾ, ನಮ್ಮ ಮುತ್ತಜ್ಜನ ಕಾಲದಿಂದ ಮನ್ಯಾಗ ಇದೇ ಮಾತು" ಎಂದರು. ಅವನು ನಕ್ಕು ಬೀಗದ ಕೈ ಕೊಟ್ಟನು. ಆ ಇರುಳು ನಮಗೆ ಬೇಗನೆ ನಿದ್ರೆ ಬರಲಿಲ್ಲ. ತಾಂಡೂರಿನ ಕಚೇರಿಗಳಲ್ಲಿ "ನೀವು ಕನ್ನಡದವರು" ಎನ್ನಿಸಿಕೊಂಡು ಬಂದವರಿಗೆ, ಕನ್ನಡ ನಾಡಿನಲ್ಲಿ "ನೀವು ಅತ್ತಣವರು" ಎನ್ನಿಸಿಕೊಳ್ಳುವುದು ಹೊಸ ಅನುಭವವೇನಲ್ಲ. ಆದರೂ ಪ್ರತಿಸಲವೂ ಹೊಸದಾಗಿಯೇ ನಾಟುತ್ತದೆ.

ಊರಿನ ಪೂರ್ವಕಥೆಯನ್ನು ಸ್ವಲ್ಪದರಲ್ಲಿ ಹೇಳಿಬಿಡುತ್ತೇವೆ. ಮೆಣಸಿಗಾಗಿಯೂ ನಯವಾದ ಬಟ್ಟೆಗಾಗಿಯೂ ಇಂಗ್ಲಿಷರು 1638ರಲ್ಲಿಯೇ ಇಲ್ಲಿ ಕೋಠಿ ತೆರೆದರು. ಅದಕ್ಕೂ ಮುಂಚೆ 1498ರಲ್ಲಿ ವಾಸ್ಕೋ ಡ ಗಾಮನು ಎದುರಿನ ಅಂಜುದೀವ ದ್ವೀಪದಲ್ಲಿ ಹಡಗು ನಿಲ್ಲಿಸಿದ್ದನು. ಕಾಳಿಯ ಆಚೆ ದಡದ ಗುಡ್ಡದ ಮೇಲೆ ಸೋದೆಯ ಅರಸರ ಸದಾಶಿವಗಡ. ಈಗಿನ ಪಟ್ಟಣ ಬೆಳೆದುದು 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋದ ಮೇಲೆ. ಆಗ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬಾರದಂತಾಗಿತ್ತು. ಧಾರವಾಡದ ಹತ್ತಿಯನ್ನು ಕಾರವಾರದಿಂದ ಹಡಗಿಗೇರಿಸುವುದೆಂದು ವ್ಯಾಪಾರಿಗಳು ದೊಡ್ಡ ಆಸೆ ಕಟ್ಟಿದರು. ಯುದ್ಧ ಮುಗಿಯಿತು, ರೈಲು ಕಾರವಾರವನ್ನು ಬಿಟ್ಟು ಗೋವೆಯ ಮಾರ್ಮಗೋವೆಗೆ ಹೋಯಿತು, ಆಸೆ ಉಳಿಯಿತು. ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಬರುವುದನ್ನು ಈ ಜಿಲ್ಲೆಯವರು ಇಂದಿಗೂ ಕಾಯುತ್ತಿದ್ದಾರೆ.

ಊರಿಗೆ ಕೀರ್ತಿ ಬಂದುದು ಹತ್ತಿಯಿಂದಲ್ಲ, ಒಬ್ಬ ತರುಣನಿಂದ. ಐ.ಸಿ.ಎಸ್. ಆದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರರು ಇಲ್ಲಿ ನ್ಯಾಯಾಧೀಶರಾಗಿದ್ದರು. ಅವರ ತಮ್ಮ ರವೀಂದ್ರನಾಥರು 1883ರಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ, ಅಣ್ಣನ ಮನೆಗೆ ಬಂದು ತಂಗಿದರು. ಬೆಳುದಿಂಗಳಲ್ಲಿ ಕಾಳಿಯ ಮೇಲೆ ದೋಣಿಯಲ್ಲಿ ಹೋದುದನ್ನೂ, ಇರುಳಿನಲ್ಲಿ ಮರಳ ದಂಡೆಯ ಮೇಲೆ ನಡೆದು ಬಂದುದನ್ನೂ ತಮ್ಮ ಜೀವನಸ್ಮೃತಿಯಲ್ಲಿ ಅವರು ನೆನೆದಿದ್ದಾರೆ. 'ಪ್ರಕೃತಿಯ ಪ್ರತಿಶೋಧ' ಎಂಬ ನಾಟಕವನ್ನು ಬರೆದುದೂ ಇಲ್ಲಿಯೇ. ಲೋಕದ ಹಂಗನ್ನೆಲ್ಲ ಕಡಿದುಕೊಂಡೆನೆಂದು ನಂಬಿದ್ದ ಸಂನ್ಯಾಸಿಯೊಬ್ಬನನ್ನು ಒಬ್ಬ ಅನಾಥ ಬಾಲಿಕೆ ಲೋಕಕ್ಕೆ ಮರಳಿ ಎಳೆಯುವ ಕಥೆ ಅದು. ದಂಡೆಗೆ ಈಗ ರವೀಂದ್ರರ ಹೆಸರಿದೆ. ದಂಡೆಯ ಬದಿಗೆ 'ಚಪಲ' ಎಂಬ ಹಳೆಯ ಯುದ್ಧನೌಕೆಯೊಂದನ್ನು ಪ್ರದರ್ಶನಕ್ಕೆ ಇಟ್ಟಿದ್ದಾರೆ. ಕವಿಯ ಹೆಸರೂ ಕ್ಷಿಪಣಿಯ ಹಡಗೂ ಹೀಗೆ ನೆರೆಹೊರೆಯಾಗಿರುವುದನ್ನು ಕಂಡು ನಮ್ಮಲ್ಲೊಬ್ಬರು ಏನೋ ಹೇಳಹೊರಟರು. ಬಿಸಿಲು ಬಲವಾಗಿದ್ದುದರಿಂದ ಹೇಳದೆ ಬಿಟ್ಟರು.

ನಾವು ಬಂದುದು ವಿಹಾರಕ್ಕಲ್ಲ, ಪ್ರಶ್ನೆಯ ಸಲುವಾಗಿ. ಮರುದಿನ ಬೆಳಗ್ಗೆ ದಂಡೆಯಲ್ಲಿ ಗಾಳಿಮರದ ಕಡ್ಡಿಗಳನ್ನು ಸಾಲಾಗಿ ನೆಟ್ಟು, ಅಲೆ ಯಾವ ಕಡ್ಡಿಯವರೆಗೆ ಬಂದಿತೆಂದು ಗಡಿಯಾರ ನೋಡಿ ಬರೆದುಕೊಳ್ಳುತ್ತ ಕುಳಿತೆವು. ನೀರು ಅತ್ಯಂತ ಮೇಲಕ್ಕೆ ಬಂದುದು ಸುಮಾರು 11 ಗಂಟೆ 20 ನಿಮಿಷಕ್ಕೆ. ಸಂಜೆ ಐದರ ಹೊತ್ತಿಗೆ ನಮ್ಮ ಕಡ್ಡಿಗಳೆಲ್ಲ ಒಣಗಿದ ಮರಳಿನಲ್ಲಿ ಬೇಲಿಯಂತೆ ನಿಂತಿದ್ದುವು. ಕಡಲು ಎಲ್ಲೋ ಕೆಳಗೆ ಸರಿದಿತ್ತು. ಎರಡನೆಯ ದಿನ ಅದೇ ಏರಿಕೆ ಬಂದುದು ಮಧ್ಯಾಹ್ನ 12ಕ್ಕೆ. ಗಣಿತದ ಮಾಸ್ತರರಿಗೆ ಬಲು ಬೇಸರವಾಯಿತು. ಪುಸ್ತಕದ ಪ್ರಕಾರ ಐವತ್ತು ನಿಮಿಷ ತಡವಾಗಬೇಕು, ಬಂದುದು ನಲವತ್ತು. ತಮ್ಮ ಗಡಿಯಾರವನ್ನು ಶಂಕಿಸಿದರು, ನಮ್ಮದನ್ನೂ ಶಂಕಿಸಿದರು.

ಅಷ್ಟರಲ್ಲಿ ಸಮೀಪದ ಕಟ್ಟೆಯ ಮೇಲೆ ಕುಳಿತು ಎರಡು ದಿನಗಳಿಂದ ನಮ್ಮನ್ನು ನೋಡುತ್ತಿದ್ದ ವೃದ್ಧರೊಬ್ಬರು ಕೋಲೂರಿ ಬಂದರು. "ಏನು ಹೂಳಿದ್ದೀರಿ ಮಹನೀಯರೆ?" ಎಂದರು. ಹೇಳಿದೆವು. ಅವರು ಸಂತೋಷದಿಂದ ಮರಳಿನ ಮೇಲೆಯೇ ಕುಳಿತುಬಿಟ್ಟರು. ಅವರೂ ಮಾಸ್ತರರು! ನಿವೃತ್ತರಾಗಿ ಇಪ್ಪತ್ತೈದು ವರ್ಷಕ್ಕೂ ಮೇಲಾಗಿತ್ತು. "ಐವತ್ತು ಎಂಬುದು ಸರಾಸರಿ. ಹುಣ್ಣಿಮೆ ಅಮಾವಾಸ್ಯೆಯ ಹತ್ತಿರ ಅಂತರ ಕಡಿಮೆ, ಅಷ್ಟಮಿಯ ಹತ್ತಿರ ಹೆಚ್ಚು. ಸೂರ್ಯನೂ ಎಳೆಯುತ್ತಾನಲ್ಲ! ನಿಮ್ಮ ಗಡಿಯಾರ ಸರಿಯಾಗಿದೆ" ಎಂದರು. ಗಣಿತದ ಮಾಸ್ತರರ ಮುಖ ಅರಳಿತು. "ನಮ್ಮ ಮನೆಮಾತಿನಲ್ಲಿ ಏರುವ ನೀರಿಗೆ ಭರತಿ ಎನ್ನುತ್ತೇವೆ" ಎಂದು ವೃದ್ಧರು ಹೇಳಿದಾಗ ನಾವು ನಾಲ್ವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ನಮ್ಮ ಕಡೆ ಭರ್ತಿ ಎಂದರೆ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವುದು. ಜೂನ್ ತಿಂಗಳು ಬಂದರೆ ಆ ಶಬ್ದವೇ ನಮಗೆ ಜ್ವರ ತರುತ್ತದೆ. ಮನೆಮನೆಗೂ ಹೋಗಿ ಮಕ್ಕಳನ್ನು ಕೇಳುವ ಕೆಲಸ ಅದು, ಮತ್ತು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುವ ಲೆಕ್ಕ ಅದು. ಅವರಿಗೆ ಇದನ್ನು ತಿಳಿಸಿದೆವು.

ಅವರ ಮನೆಯ ಮಾತು ಕೊಂಕಣಿ. ಮೊದಲು ಮರಾಠಿ ಶಾಲೆಯಲ್ಲಿ ಓದಿ, ಆಮೇಲೆ ಕನ್ನಡ ಕಲಿತು, ಬಾಳೆಲ್ಲ ಕನ್ನಡವನ್ನೇ ಕಲಿಸಿದವರು. ನಮ್ಮದು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಹಳೆಯ ದಸ್ತಾವೇಜುಗಳಲ್ಲಿ ಉರ್ದು. ಮಾತು 1956ಕ್ಕೆ ಬಂತು. ಆ ವರ್ಷದ ನವೆಂಬರ್ 1ರಂದು ಮುಂಬಯಿ ರಾಜ್ಯದಲ್ಲಿದ್ದ ಕಾರವಾರ ಮೈಸೂರು ರಾಜ್ಯಕ್ಕೆ ಬಂದಿತು. ಅದೇ ದಿನ ಹೈದರಾಬಾದು ರಾಜ್ಯವನ್ನು ಹಂಚಿದಾಗ ಗುಲಬರ್ಗಾ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳೂ, ಬೀದರ ಜಿಲ್ಲೆಯ ನಾರಾಯಣಖೇಡವೂ, ಜಹೀರಾಬಾದಿನ ಬಹುಭಾಗವೂ ಆಂಧ್ರಪ್ರದೇಶಕ್ಕೆ ಹೋದುವು. 2014ರಿಂದ ಅವು ತೆಲಂಗಾಣದಲ್ಲಿವೆ. "ನೋಡಿ, ಆ ದಿನ ನಮ್ಮ ಶಾಲೆಯಲ್ಲಿ ಪೇಢೆ ಹಂಚಿದರು. ನಾನು ಹುಡುಗ, ಎರಡು ತಿಂದೆ. ಅದೇ ಹೊತ್ತಿಗೆ ಎಲ್ಲಿಯೋ ಕನ್ನಡದ ಮಕ್ಕಳು ಆಚೆಗೆ ಹೋದರೆಂದು ಇಂದಿನವರೆಗೂ ಯಾರೂ ನನಗೆ ಹೇಳಿರಲಿಲ್ಲ" ಎಂದರು ವೃದ್ಧರು.

ಆ ಮಾತಿಗೆ ನಾವು ಕರಗಬೇಕಾಗಿತ್ತು. ಆದರೆ ನಮ್ಮಲ್ಲಿ ಕಿರಿಯರಾದ ವಿಜ್ಞಾನದ ಮಾಸ್ತರರು ಕೊಂಚ ಕಟುವಾಗಿಯೇ, "ನಿಮ್ಮನ್ನು ಮಹಾರಾಷ್ಟ್ರ ಕೇಳಿತು, ಮಹಾಜನ ಆಯೋಗ 1967ರಲ್ಲಿ ಕೊಡುವುದಿಲ್ಲವೆಂದಿತು. ನಿಮ್ಮ ಸಲುವಾಗಿ ಎರಡು ರಾಜ್ಯ ಜಗಳವಾಡಿದವು. ನಮ್ಮ ಸಲುವಾಗಿ ಜಗಳವಾಡುವವರೂ ಇಲ್ಲ" ಎಂದುಬಿಟ್ಟರು. ವೃದ್ಧರು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ತಮ್ಮ ಮೊಮ್ಮಕ್ಕಳು ಇಂಗ್ಲಿಷಿನಲ್ಲಿ ಓದುತ್ತಾರೆಂದೂ, ಅವರಿಗೆ ಕೊಂಕಣಿಯೂ ಅಷ್ಟಕ್ಕಷ್ಟೆ, ಕನ್ನಡವೂ ಅಷ್ಟಕ್ಕಷ್ಟೆಯೆಂದೂ ಹೇಳಿದರು. ಆ ಮೇಲೆ ಯಾರೂ ಜಗಳದ ಮಾತೆತ್ತಲಿಲ್ಲ. ಅಂದಿನ ಊಟ ಅವರ ಮನೆಯಲ್ಲಿ ಆಯಿತು. ಬಂಗಡೆಯ ಸಾರು ತಿಂದವರು ತಿಂದರು. ನಮ್ಮಲ್ಲಿ ಶಾಖಾಹಾರಿಗಳಿಬ್ಬರಿಗೆ ಆ ಮನೆಯ ತಾಯಿ ಬಿಸಿಯನ್ನಕ್ಕೆ ಕೋಕಮ್ಮಿನ ಸಾರು ಬಡಿಸಿ, ಒಣಗಿದ ಕೋಕಮ್ಮಿನ ಪೊಟ್ಟಣವೊಂದನ್ನು ಅಕ್ಕನವರ ಚೀಲದಲ್ಲಿಟ್ಟರು.

ಇನ್ನೊಂದು ಸಂಗತಿ ಹೇಳದೆ ಬಿಡಲಾಗದು. ನಾವು ತಂಗಿದ್ದ ಮನೆಯ ಮೊಗಸಾಲೆಗೆ ಹಾಸಿದ್ದುದು ನಮ್ಮ ಕಡೆಯ ಪರಸಿ ಕಲ್ಲು. ಎರಡು ದಿನ ಅದರ ಮೇಲೆ ಓಡಾಡಿದರೂ ಗಮನಿಸಿರಲಿಲ್ಲ. ನೆನೆದ ಕಾಲುಗಳಿಂದ ಬಂದು ನಿಂತಾಗ ಗುರುತು ಹತ್ತಿತು. ಶಹಾಬಾದು, ತಾಂಡೂರುಗಳ ಗಣಿಗಳಿಂದ ಪದರು ಪದರಾಗಿ ಎಬ್ಬಿಸುವ ಈ ಸುಣ್ಣಗಲ್ಲು, ಕೋಟ್ಯಂತರ ವರ್ಷಗಳ ಹಿಂದೆ ನಮ್ಮ ಭೀಮಾ ಕಾಗಿಣಾ ಸೀಮೆಯನ್ನು ಕವಿದಿದ್ದ ಕಡಲಿನ ತಳದಲ್ಲಿ ಕೆಸರಾಗಿ ಇಳಿದು ಗಟ್ಟಿಯಾದುದು. ವಿಜ್ಞಾನದ ಮಾಸ್ತರರು ಇದನ್ನು ತರಗತಿಯಲ್ಲಿ ಹಲವು ಬಾರಿ ಹೇಳಿದವರೇ. ಆದರೆ ಆ ಸಂಜೆ ಅವರು ಮೊಗಸಾಲೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು, ಕಲ್ಲಿನ ಮೇಲೆ ಅಲೆ ಬರೆದಂತಿದ್ದ ಗೆರೆಗಳ ಮೇಲೆ ಬೆರಳಾಡಿಸಿ, ದಂಡೆಯ ಕಡೆ ತೋರಿಸಿದರು. ಇಳಿತದ ಹೊತ್ತಿನಲ್ಲಿ ಒದ್ದೆ ಮರಳಿನ ಮೇಲೆಯೂ ಅಂಥವೇ ಗೆರೆಗಳು. ನಮ್ಮ ಶಾಲೆಯ ಮಕ್ಕಳು ನಿತ್ಯ ಅಂಥ ಕಲ್ಲಿನ ಮೇಲೆಯೇ ಕುಳಿತು ಬುತ್ತಿ ಬಿಚ್ಚುತ್ತಾರೆ. ಆ ಹುಡುಗಿಯೂ ಅದರ ಮೇಲೆಯೇ ಕುಳಿತಿದ್ದಳು.

ನಾಲ್ಕನೆಯ ದಿನ ಬೆಳಗ್ಗೆ ವೃದ್ಧರು ನಮ್ಮನ್ನು ಕೋಡಿಬಾಗಕ್ಕೆ, ಕಾಳಿಯ ದಡಕ್ಕೆ ಕರೆದೊಯ್ದರು. ಈಗಿರುವ ಸೇತುವೆಯ ಮಗ್ಗುಲಲ್ಲಿ ಹಳೆಯದೊಂದಿತ್ತು. ಅದು 2024ರ ಆಗಸ್ಟ್ 7ರ ನಡುರಾತ್ರಿಯ ಮೇಲೆ ಕುಸಿದು, ಅದರ ಮೇಲಿದ್ದ ಲಾರಿಯೊಡನೆ ನದಿಗೆ ಬಿದ್ದಿತು. ಚಾಲಕನನ್ನು ಬದುಕಿಸಿದರು. "ನಿಮ್ಮ ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿದೆ, ನೀರನ್ನು ನೋಡಿ" ಎಂದರು ವೃದ್ಧರು. ನೋಡಿದೆವು. ಘಟ್ಟದಿಂದ ಕಡಲಿಗೆ ಹರಿಯಬೇಕಾದ ನದಿ, ಕಡಲಿನಿಂದ ಘಟ್ಟದ ಕಡೆಗೆ ಹರಿಯುತ್ತಿತ್ತು!

ಊರಿಗೆ ಬಂದೆವು. ಕಾಗಿಣೆ ಒಣಗಿತ್ತು. ಜೂನಿನಲ್ಲಿ ಶಾಲೆ ತೆರೆಯಿತು. ಭರ್ತಿಯ ಪುಸ್ತಕ ತೆರೆಯಿತು. ಒಂಬತ್ತನೆಯ ತರಗತಿಗೆ ಹಾಜರಿ ಕರೆಯುವಾಗ ಆ ಹುಡುಗಿಯ ಹೆಸರು ಬರಲಿಲ್ಲ. ರಜೆಯಲ್ಲಿಯೇ ತಂದೆ ಬಂದು ವರ್ಗಾವಣೆಯ ಪತ್ರ ಒಯ್ದಿದ್ದನು. ತಾಂಡೂರಿನ ಇಂಗ್ಲಿಷ್ ಶಾಲೆಗೆ ಸೇರಿಸಿದ್ದನು. ಅವನನ್ನು ನಾವು ದೂರಲಾರೆವು. ನಮ್ಮ ನಾಲ್ವರಲ್ಲಿ ಇಬ್ಬರ ಮಕ್ಕಳು ಓದುವುದು ಎಲ್ಲಿ ಎಂದು ವಾಚಕರು ಕೇಳಿದರೆ ತಲೆ ತಗ್ಗಿಸಬೇಕಾಗುತ್ತದೆ.

ಆ ಮಗುವಿನ ಮನೆಗೆ ಈ ಪತ್ರಿಕೆ ಹೋಗುವುದುಂಟು; ಅವಳ ಅಜ್ಜ ಸಂಘದ ಹಳೆಯ ಸದಸ್ಯರು. ಅದಕ್ಕಾಗಿ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇವೆ. ಅವ್ವಾ, ಇಳಿದ ನೀರು ಇಂಗಿ ಹೋಗುವುದಿಲ್ಲ, ಪಾತಾಳಕ್ಕೂ ಹೋಗುವುದಿಲ್ಲ. ಚಂದ್ರನೂ ಸೂರ್ಯನೂ ಎಳೆದತ್ತ ಸರಿದು, ಅದೇ ಹೊತ್ತಿನಲ್ಲಿ ಬೇರೊಂದು ದಂಡೆಯಲ್ಲಿ ಏರುತ್ತಿರುತ್ತದೆ. ಆರು ಗಂಟೆಗೆ ತುಸು ಮೇಲಾದರೆ ಈ ದಂಡೆಗೆ ಮತ್ತೆ ಏರಿಕೆ. ನಾವು ಕಣ್ಣಾರೆ ಕಂಡೆವು. ಕಾಳಿನದಿಯಲ್ಲಿ ಯಾರೋ ಎಸೆದ ತೆಂಗಿನ ಸಿಪ್ಪೆಯೊಂದು ಸೇತುವೆಯ ಕಂಬವನ್ನು ದಾಟಿ, ಗುಡ್ಡಗಳ ಕಡೆಗೆ, ಹೊಳೆಯ ಮೇಲ್ಮುಖವಾಗಿ ತೇಲುತ್ತ ಹೋಯಿತು. ಗಣಿತದ ಸರ್ ಅದು ಕಣ್ಮರೆಯಾಗುವವರೆಗೂ ಗಡಿಯಾರ ಹಿಡಿದು ನಿಂತಿದ್ದರು. ಹದಿನೇಳು ನಿಮಿಷ ಹಿಡಿಯಿತು.